ಕರೆಂಟ್ ಬಿಲ್ಲಿನ ‘ಪಿಎಫ್’ ಸಾಲು: ಯಾರಿಗೆ ದಂಡ, ಯಾರಿಗೆ ಕೆಪಾಸಿಟರ್ ಬೇಕು, ಯಾರಿಗೆ ಬೇಡ? ಇಲ್ಲಿದೆ ಪೂರ್ತಿ ಮಾಹಿತಿ

ವಿಜಯಪುರ: ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿ, ಎಣ್ಣೆ ಗಾಣ, ಕಟ್ಟಿಗೆ ಅಡ್ಡೆ, ಕೋಲ್ಡ್ ಸ್ಟೋರೇಜ್. ಮೋಟಾರ್ ನಂಬಿ ದುಡಿಯುವವರ ಕೈಗೆ ಹೆಸ್ಕಾಂ ಬಿಲ್ ಬಂದರೆ ಎಲ್ಲರೂ ಮೊದಲು ನೋಡೋದು ಎರಡೇ ಸಾಲು. ಎಷ್ಟು ಯುನಿಟ್ ಆಗೈತಿ, ಎಷ್ಟು ರೂಪಾಯಿ ಬಂದೈತಿ. ಇವೆರಡರ ನಡುವೆ ‘ಪಿಎಫ್’ ಅಂತ ಇನ್ನೊಂದು ಸಾಲು ಇರುತ್ತದೆ. ಅದರ ಮುಂದೆ 0.72, 0.81, 0.93 ಅಂತ ಒಂದು ಸಣ್ಣ ಅಂಕಿ. ಅದನ್ನು ಓದುವವರು ಕಡಿಮೆ. ಆದರೆ ಮೋಟಾರ್ ಇರುವ ಅಂಗಡಿಯ ಬಿಲ್ಲಿನಲ್ಲಿ ಆ ಅಂಕಿ 0.85ಕ್ಕಿಂತ ಕೆಳಗಿದ್ದರೆ, ಬಿಲ್ಲಿಗೆ ದಂಡ ಸೇರಿಕೊಳ್ಳುತ್ತದೆ. ಒಂದು ತಿಂಗಳ ಮಟ್ಟಿಗೆ ಸಣ್ಣ ಮೊತ್ತ, ವರ್ಷಕ್ಕೆ ಲೆಕ್ಕ ಹಾಕಿದರೆ ಸಾವಿರಗಟ್ಟಲೆ.

ಇದರ ತದ್ವಿರುದ್ಧ ಇನ್ನೊಂದು ಕಥೆಯೂ ಇದೆ. ‘ಈ ಡಬ್ಬಿ ಪ್ಲಗ್‌ಗೆ ಹಾಕ್ರಿ, ಬಿಲ್ ಅರ್ಧ ಆಗ್ತದ’ ಅಂತ ಮನೆ ಬಾಗಿಲಿಗೆ, ಅಂಗಡಿ ಗಲ್ಲಾಪೆಟ್ಟಿಗೆ ಮುಂದೆ ಬಂದು ಮಾರುವವರು, ಮೊಬೈಲಿನಲ್ಲಿ ಜಾಹೀರಾತು ಕೊಡುವವರು ಇದ್ದಾರೆ. ಅವರೂ ಹೇಳೋದು ಇದೇ ಪವರ್ ಫ್ಯಾಕ್ಟರ್ ಹೆಸರನ್ನೇ. ಕೆಪಾಸಿಟರ್ ಬೇಕಾದವರು ಅದನ್ನು ಹಾಕಿಸದೆ ದಂಡ ಕಟ್ಟುತ್ತಾರೆ. ಬೇಡವಾದವರು ಡಬ್ಬಿ ಕೊಂಡು ದುಡ್ಡು ಕಳೆದುಕೊಳ್ಳುತ್ತಾರೆ. ಎರಡೂ ತಪ್ಪಬೇಕಾದರೆ ಈ ಅಂಕಿ ಏನು, ಯಾರ ಬಿಲ್ಲಿಗೆ ತಾಗುತ್ತದೆ ಅಂತ ತಿಳಿದುಕೊಂಡರೆ ಸಾಕು.

ಅವಸರ ಇರುವವರಿಗೆ ಮೂರು ಮಾತು

1. ಮನೆ ಬಿಲ್ಲಿಗೆ ಪವರ್ ಫ್ಯಾಕ್ಟರ್ ದಂಡ ಇಲ್ಲ. ಹಾಗಾಗಿ ಮನೆಗೆ ‘ಪವರ್ ಸೇವರ್’ ಡಬ್ಬಿ ಬೇಡ.

2. ಗಿರಣಿ, ವರ್ಕ್‌ಶಾಪ್, ಕಾರ್ಖಾನೆಯಂಥ ಮೋಟಾರ್ ಇರುವ ಮೀಟರ್‌ಗೆ ದಂಡ ಇದೆ. ಸರಿಯಾದ ಅಳತೆಯ ಕೆಪಾಸಿಟರ್ ಹಾಕಿಸಿದರೆ ದಂಡ ನಿಲ್ಲುತ್ತದೆ. ಆದರೆ ಯುನಿಟ್ ಮಾತ್ರ ಹೆಚ್ಚೇನೂ ಇಳಿಯೋದಿಲ್ಲ.

3. ತೋಟದ ಪಂಪ್‌ಸೆಟ್‌ಗೆ ಬಿಲ್ ಬಾರದಿದ್ದರೂ ಕೆಪಾಸಿಟರ್ ಬೇಕು. ಅದು ದುಡ್ಡು ಉಳಿಸೋಕೆ ಅಲ್ಲ, ಟಿಸಿ ಮತ್ತು ಮೋಟಾರ್ ಉಳಿಸೋಕೆ.

ಪವರ್ ಫ್ಯಾಕ್ಟರ್ ಅಂದ್ರೆ ಏನು?

ತಿಕೋಟಾ ಕಡೆಯ ಒಂದು ದ್ರಾಕ್ಷಿ ತೋಟವನ್ನು ನೆನಪು ಮಾಡಿಕೊಳ್ಳಿ. ಹಣ್ಣು ಒಯ್ಯಲು ಗಾಡಿ ಬರುತ್ತದೆ. ಬರುವಾಗ ಖಾಲಿ ಕ್ರೇಟ್ ತರುತ್ತದೆ. ಕ್ರೇಟ್ ಇಲ್ಲದೆ ಹಣ್ಣು ತುಂಬಿಸಲು ಆಗೋದಿಲ್ಲ. ಆದರೆ ಕ್ರೇಟಿಗೆ ಯಾರೂ ದುಡ್ಡು ಕೊಡೋದಿಲ್ಲ, ತೂಕದ ಚೀಟಿಯಲ್ಲಿ ಬರೆಯೋದು ಹಣ್ಣಿನ ತೂಕ ಮಾತ್ರ. ಖಾಲಿ ಕ್ರೇಟ್ ಹೋಗುತ್ತಾ ಬರುತ್ತಾ ಇರುತ್ತದೆ. ಖರ್ಚಾಗಿ ಮುಗಿಯೋದಿಲ್ಲ, ಆದರೆ ಗಾಡಿಯಲ್ಲಿ ಜಾಗ ಹಿಡಿಯುತ್ತದೆ.

ಮೋಟಾರಿನ ಕರೆಂಟೂ ಹೀಗೆಯೇ. ಮೋಟಾರ್ ಎರಡು ಕೆಲಸಕ್ಕೆ ಕರೆಂಟ್ ಎಳೆಯುತ್ತದೆ. ಒಂದು, ಹಿಟ್ಟು ಬೀಸುವ, ನೀರು ಎತ್ತುವ ನಿಜವಾದ ದುಡಿಮೆಗೆ. ಇದನ್ನು ಕಿಲೋವ್ಯಾಟ್‌ನಲ್ಲಿ ಅಳೆಯುತ್ತಾರೆ. ಎರಡನೆಯದು, ಮೋಟಾರಿನೊಳಗೆ ಅಯಸ್ಕಾಂತದ ಬಲ ಹುಟ್ಟಿಸಲು. ಈ ಬಲ ಇಲ್ಲದಿದ್ದರೆ ಮೋಟಾರ್ ತಿರುಗೋದೇ ಇಲ್ಲ. ಆದರೆ ಇದು ಖರ್ಚಾಗುವ ಶಕ್ತಿ ಅಲ್ಲ. ಸೆಕೆಂಡಿಗೆ ನೂರು ಸಲ ತಂತಿಯಲ್ಲಿ ಬರುತ್ತದೆ, ವಾಪಸ್ ಹೋಗುತ್ತದೆ. ಇದಕ್ಕೆ ರಿಯಾಕ್ಟಿವ್ ಪವರ್ ಅಂತಾರೆ, ಅಳತೆ ಕೆವಿಎಆರ್. ಇದೇ ಖಾಲಿ ಕ್ರೇಟ್.

ಎರಡೂ ಸೇರಿ ತಂತಿಯ ಮೇಲೆ ಬೀಳುವ ಒಟ್ಟು ಭಾರ ಕೆವಿಎ. ದುಡಿಯುವ ಕಿಲೋವ್ಯಾಟನ್ನು ಒಟ್ಟು ಕೆವಿಎಯಿಂದ ಭಾಗಿಸಿದರೆ ಬರುವ ಅಂಕಿಯೇ ಪವರ್ ಫ್ಯಾಕ್ಟರ್, ಅಂದ್ರೆ ಬಿಲ್ಲಿನ ಪಿಎಫ್. 1 ಬಂದರೆ ಗಾಡಿಯ ತುಂಬ ಹಣ್ಣೇ. 0.70 ಬಂದರೆ ಗಾಡಿಯಲ್ಲಿ ಖಾಲಿ ಕ್ರೇಟಿನ ಹಾವಳಿ ಜಾಸ್ತಿ ಅಂತ ಅರ್ಥ.

ಒಂದು ಸೂಕ್ಷ್ಮ ಇದೆ. ಕಿಲೋವ್ಯಾಟ್ ಮತ್ತು ಕೆವಿಎಆರ್ ಎರಡನ್ನೂ ಸುಮ್ಮನೆ ಕೂಡಿಸಿದರೆ ಕೆವಿಎ ಬರೋದಿಲ್ಲ. ಹೈಸ್ಕೂಲಿನಲ್ಲಿ ಕಲಿತ ಪೈಥಾಗೊರಸ್ ತ್ರಿಕೋನದ ಲೆಕ್ಕ ಇದಕ್ಕೆ ಬೇಕು. ಒಂದು ಬದಿ ಕಿಲೋವ್ಯಾಟ್, ಅದಕ್ಕೆ ಲಂಬವಾದ ಬದಿ ಕೆವಿಎಆರ್, ಓರೆ ಬದಿ ಕೆವಿಎ. ಓರೆ ಬದಿ ಉದ್ದವಾದಷ್ಟೂ ತಂತಿಯಲ್ಲಿ ಆಂಪಿಯರ್ ಜಾಸ್ತಿ.

ಯಾವ ಯಂತ್ರದ ಪಿಎಫ್ ಎಷ್ಟಿರುತ್ತದೆ?

ಹೀಟರ್, ಗೀಸರ್, ಇಸ್ತ್ರಿಪೆಟ್ಟಿಗೆ, ಹಳೆಯ ಗುಂಡು ಬಲ್ಬ್: ಇವುಗಳಲ್ಲಿ ಅಯಸ್ಕಾಂತದ ಕೆಲಸವೇ ಇಲ್ಲ. ಪಿಎಫ್ 1 ಅಥವಾ ಅದರ ಹತ್ತಿರ.

ಪೂರ್ತಿ ಲೋಡಿನಲ್ಲಿ ಓಡುವ ಮೋಟಾರ್: ಸಾಮಾನ್ಯವಾಗಿ 0.80ರಿಂದ 0.87.

ಅರ್ಧ ಲೋಡಿನಲ್ಲಿ ಓಡುವ ಮೋಟಾರ್: 0.70ರ ಆಸುಪಾಸು.

ಕೆಲಸ ಇಲ್ಲದೆ ಸುಮ್ಮನೆ ತಿರುಗುವ ಮೋಟಾರ್: 0.20ರ ಆಸುಪಾಸು.

ಹಳೆಯ ಮಾದರಿಯ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರ್: 0.50ಕ್ಕಿಂತಲೂ ಕೆಳಗೆ ಹೋಗುತ್ತದೆ.

ಹಳೆಯ ಚೋಕಿನ ಟ್ಯೂಬ್‌ಲೈಟ್: 0.50ರ ಹತ್ತಿರ.

ಈ ಪಟ್ಟಿಯಲ್ಲಿ ಅಂಗಡಿಕಾರರು ಗಮನಿಸಬೇಕಾದದ್ದು ಎರಡನೇ, ಮೂರನೇ ಮತ್ತು ನಾಲ್ಕನೇ ಸಾಲು. ಮೋಟಾರ್ ಒಂದೇ, ಪಿಎಫ್ ಮಾತ್ರ ಬೇರೆ ಬೇರೆ. ಕಾರಣ ಸರಳ. ಮೋಟಾರ್ ದುಡಿದರೂ ದುಡಿಯದಿದ್ದರೂ ಅಯಸ್ಕಾಂತಕ್ಕೆ ಬೇಕಾದ ಪಾಲು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ದುಡಿಮೆ ಕಡಿಮೆಯಾದಂತೆ ಹಣ್ಣು ಕಮ್ಮಿ, ಕ್ರೇಟ್ ಅಷ್ಟೇ. ‘ಇರಲಿ ಬಿಡ್ರಿ, ದೊಡ್ಡ ಮೋಟಾರ್ ಹಾಕೋಣ, ಬಾಳಿಕೆ ಬರ್ತದ’ ಅಂತ 5 ಎಚ್‌ಪಿ ಸಾಕಾಗುವಲ್ಲಿ 10 ಎಚ್‌ಪಿ ಕೂರಿಸುವ ರೂಢಿ ಇದೆ. ಬಹಳಷ್ಟು ಗಿರಣಿಗಳ ಪಿಎಫ್ ಕೆಡುವುದು ಅಲ್ಲಿಂದಲೇ.

ದಂಡದ ಲೆಕ್ಕ ಹೇಗೆ?

ವಿಜಯಪುರ ಜಿಲ್ಲೆಗೆ ಕರೆಂಟ್ ಕೊಡುವುದು 2002ರಲ್ಲಿ ಶುರುವಾದ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದ್ರೆ ಹೆಸ್ಕಾಂ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳೂ ಇದರ ವ್ಯಾಪ್ತಿಗೇ ಬರುತ್ತವೆ. ಆದರೆ ದರ ಮತ್ತು ದಂಡ ನಿಗದಿ ಮಾಡುವುದು ಹೆಸ್ಕಾಂ ಅಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಆಯೋಗದ ದರ ಆದೇಶದಲ್ಲಿ ಪವರ್ ಫ್ಯಾಕ್ಟರ್ ಬಗ್ಗೆ ಪ್ರತ್ಯೇಕ ನಿಯಮ ಇದೆ.

ಎಲ್‌ಟಿ, ಅಂದ್ರೆ ಸಾಮಾನ್ಯ ಅಂಗಡಿ, ಗಿರಣಿ, ಸಣ್ಣ ಕಾರ್ಖಾನೆಗಳ ಸಂಪರ್ಕದಲ್ಲಿ ಮೋಟಾರ್ ಇದ್ದರೆ ತಿಂಗಳ ಸರಾಸರಿ ಪಿಎಫ್ 0.85 ಇರಬೇಕು. ಅದಕ್ಕಿಂತ ಕೆಳಗಿಳಿದ ಪ್ರತಿ 0.01ಕ್ಕೆ, ಬಳಸಿದ ಪ್ರತಿ ಯುನಿಟ್ ಮೇಲೆ 3 ಪೈಸೆ ದಂಡ. ಆದರೆ ಎಲ್‌ಟಿಗೆ ಒಂದು ಮಿತಿ ಇದೆ. ದಂಡ ಯುನಿಟ್‌ಗೆ 30 ಪೈಸೆ ದಾಟುವಂತಿಲ್ಲ.

ತಿಂಗಳಿಗೆ 1,000 ಯುನಿಟ್ ಸುಡುವ ಗಿರಣಿಗೆ ಇದು ಹೀಗೆ ಬೀಳುತ್ತದೆ:

ಪಿಎಫ್ 0.85 ಅಥವಾ ಮೇಲೆ: ದಂಡ ಇಲ್ಲ

ಪಿಎಫ್ 0.84: ಯುನಿಟ್‌ಗೆ 3 ಪೈಸೆ, ತಿಂಗಳಿಗೆ 30 ರೂಪಾಯಿ

ಪಿಎಫ್ 0.82: ಯುನಿಟ್‌ಗೆ 9 ಪೈಸೆ, ತಿಂಗಳಿಗೆ 90 ರೂಪಾಯಿ

ಪಿಎಫ್ 0.80: ಯುನಿಟ್‌ಗೆ 15 ಪೈಸೆ, ತಿಂಗಳಿಗೆ 150 ರೂಪಾಯಿ

ಪಿಎಫ್ 0.78: ಯುನಿಟ್‌ಗೆ 21 ಪೈಸೆ, ತಿಂಗಳಿಗೆ 210 ರೂಪಾಯಿ

ಪಿಎಫ್ 0.75 ಅಥವಾ ಕೆಳಗೆ: ಯುನಿಟ್‌ಗೆ 30 ಪೈಸೆ, ತಿಂಗಳಿಗೆ 300 ರೂಪಾಯಿ

ಅಂದ್ರೆ 0.75ರ ಕೆಳಗೆ ಹೋದವರು ವರ್ಷಕ್ಕೆ 3,600 ರೂಪಾಯಿ ಸುಮ್ಮನೆ ಕಟ್ಟುತ್ತಾರೆ. ಈ ದುಡ್ಡಿಗೆ ಒಂದು ಯುನಿಟ್ ಕರೆಂಟೂ ಸಿಗೋದಿಲ್ಲ. ಯುನಿಟ್ 3,000 ಇದ್ದರೆ ದಂಡವೂ ಮೂರು ಪಟ್ಟು.

ದೊಡ್ಡ ಕಾರ್ಖಾನೆ, ದೊಡ್ಡ ಕೋಲ್ಡ್ ಸ್ಟೋರೇಜ್‌ಗಳ ಎಚ್‌ಟಿ ಸಂಪರ್ಕಕ್ಕೆ ನಿಯಮ ಇನ್ನೂ ಬಿಗಿ. ಅಲ್ಲಿ ಪಿಎಫ್ 0.90 ಇರಬೇಕು. ಕೆಳಗಿಳಿದ ಪ್ರತಿ 0.01ಕ್ಕೆ ಯುನಿಟ್ ಮೇಲೆ 3 ಪೈಸೆ ದಂಡ. ಇದರ ಜೊತೆಗೆ ಇನ್ನೊಂದು ಹೊಡೆತ ಇದೆ. ಎಚ್‌ಟಿ ಬಿಲ್ಲಿನಲ್ಲಿ ಬೇಡಿಕೆ ಶುಲ್ಕವನ್ನು ಕೆವಿಎ ಮೇಲೆ ಹಾಕುತ್ತಾರೆ. 160 ಕಿಲೋವ್ಯಾಟ್ ಲೋಡ್ 0.80 ಪಿಎಫ್‌ನಲ್ಲಿ ಓಡಿದರೆ ಮೀಟರ್‌ಗೆ 200 ಕೆವಿಎ ಕಾಣುತ್ತದೆ. ಅದೇ ಲೋಡ್ 0.95ರಲ್ಲಿ ಓಡಿದರೆ 168 ಕೆವಿಎ. ಕೆಲಸ ಅಷ್ಟೇ, ಆದರೆ 32 ಕೆವಿಎಯ ಶುಲ್ಕ ವ್ಯತ್ಯಾಸ.

ಗಡಿಯಾಚೆ ಜತ್ತ, ಸಾಂಗ್ಲಿ, ತಾಸಗಾಂವ ಕಡೆ ವ್ಯವಹಾರ ಇರುವವರು ಇನ್ನೊಂದು ಮಾತು ಗಮನಿಸಬೇಕು. ಮಹಾರಾಷ್ಟ್ರದಲ್ಲಿ ಎಚ್‌ಟಿ ಗ್ರಾಹಕರಿಗೆ 2020ರ ಏಪ್ರಿಲ್‌ನಿಂದ ಯುನಿಟ್ ಬದಲು ಕೆವಿಎ-ಅವರ್ ಲೆಕ್ಕದಲ್ಲೇ ಬಿಲ್ ಮಾಡುತ್ತಾರೆ. ಅಲ್ಲಿ ಪ್ರತ್ಯೇಕ ದಂಡದ ಸಾಲು ಹುಡುಕಿದರೆ ಸಿಗೋದಿಲ್ಲ, ಖಾಲಿ ಕ್ರೇಟಿನ ಭಾರ ಬಿಲ್ಲಿನ ಒಳಗೇ ಸೇರಿಬಿಟ್ಟಿರುತ್ತದೆ. ಆ ಕಡೆಯವರು ಹೇಳುವ ಲೆಕ್ಕವನ್ನು ಇಲ್ಲಿನ ಬಿಲ್ಲಿಗೆ ಹಾಗೆಯೇ ಹೊಂದಿಸಲು ಹೋಗಬಾರದು.

ಒಂದು ಗಿರಣಿಯ ಲೆಕ್ಕ: ಉಳಿಯೋದೆಷ್ಟು?

10 ಎಚ್‌ಪಿ ಮೋಟಾರ್ ಇರುವ ಒಂದು ಹಿಟ್ಟಿನ ಗಿರಣಿ ಅಂತ ಇಟ್ಟುಕೊಳ್ಳೋಣ. ದಿನದ ಬಹುಪಾಲು ಮೋಟಾರ್ ಅರ್ಧ ಲೋಡಿನಲ್ಲಿ ಓಡುತ್ತದೆ. ಆಗ ಅದು ಎಳೆಯುವ ನಿಜವಾದ ಶಕ್ತಿ ಸುಮಾರು 4.3 ಕಿಲೋವ್ಯಾಟ್. ಅಯಸ್ಕಾಂತದ ಪಾಲು ಸುಮಾರು 4.4 ಕೆವಿಎಆರ್. ಒಟ್ಟು ಭಾರ 6.1 ಕೆವಿಎ. ಪಿಎಫ್ 0.70. ಮೂರು ಫೇಸಿನಲ್ಲಿ ತಲಾ 8.5 ಆಂಪಿಯರ್ ಹರಿಯುತ್ತದೆ.

ಈಗ ಮೋಟಾರಿನ ಪಕ್ಕ 3 ಕೆವಿಎಆರ್ ಕೆಪಾಸಿಟರ್ ಹಾಕಿದರು. ಕೆಪಾಸಿಟರ್ ಅಂದ್ರೆ ತೋಟದಲ್ಲೇ ಕಟ್ಟಿದ ಕ್ರೇಟಿನ ಗೋದಾಮು ಇದ್ದಂತೆ. ಖಾಲಿ ಕ್ರೇಟ್ ದೂರದಿಂದ ಬರಬೇಕಾಗಿಲ್ಲ, ಅಲ್ಲೇ ಇದೆ. ಮೋಟಾರಿಗೆ ಬೇಕಾದ ಅಯಸ್ಕಾಂತದ ಕರೆಂಟನ್ನು ಪಕ್ಕದ ಕೆಪಾಸಿಟರ್ರೇ ಕೊಡುತ್ತದೆ, ಮತ್ತೆ ವಾಪಸ್ ತೆಗೆದುಕೊಳ್ಳುತ್ತದೆ. ಹೊರಗಿನ ತಂತಿಯಿಂದ ಬರಬೇಕಾದ್ದು 4.4ರಿಂದ 1.4 ಕೆವಿಎಆರ್‌ಗೆ ಇಳಿಯುತ್ತದೆ. ಪಿಎಫ್ 0.95ಕ್ಕೆ ಏರುತ್ತದೆ. ಆಂಪಿಯರ್ 8.5ರಿಂದ 6.3ಕ್ಕೆ ಬರುತ್ತದೆ.

ದಂಡ ಸೊನ್ನೆ. 1,000 ಯುನಿಟ್ ಓಡುವ ಗಿರಣಿಗೆ ತಿಂಗಳಿಗೆ 300 ರೂಪಾಯಿ ಉಳಿತಾಯ.

ಹಾಗಾದರೆ ಯುನಿಟ್ ಎಷ್ಟು ಇಳಿಯಿತು? ಇಲ್ಲೇ ಜನ ಮೋಸ ಹೋಗುವುದು. ‘ಆಂಪಿಯರ್ ಕಾಲು ಭಾಗ ಇಳದೈತಿ, ಅಂದ್ರ ಬಿಲ್ಲೂ ಕಾಲು ಭಾಗ ಇಳೀಬೇಕಲ್ಲ?’ ಅನ್ನೋದು ಸಹಜ ಪ್ರಶ್ನೆ. ಹಾಗೆ ಆಗೋದಿಲ್ಲ. ಮೀಟರ್ ಎಣಿಸೋದು ಹಣ್ಣನ್ನು, ಕ್ರೇಟನ್ನಲ್ಲ. ಹಿಟ್ಟು ಬೀಸಲು ಬೇಕಾದ 4.3 ಕಿಲೋವ್ಯಾಟ್ ಮೊದಲೂ ಅಷ್ಟೇ, ಈಗಲೂ ಅಷ್ಟೇ.

ಅಂಗಡಿಯೊಳಗಿನ ವೈರಿನಲ್ಲಿ ಶಾಖವಾಗಿ ಹೋಗುವ ಕರೆಂಟ್ ಮಾತ್ರ ಸ್ವಲ್ಪ ಉಳಿಯುತ್ತದೆ. ಮೀಟರ್‌ನಿಂದ ಮೋಟಾರಿಗೆ 20 ಮೀಟರ್ ಉದ್ದದ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಇದ್ದರೆ, ಅದರಲ್ಲಿ ಪೋಲಾಗುವ ಶಕ್ತಿ ಸುಮಾರು 33 ವ್ಯಾಟ್‌ನಿಂದ 18 ವ್ಯಾಟ್‌ಗೆ ಇಳಿಯುತ್ತದೆ. ತಿಂಗಳಿಗೆ ಉಳಿಯುವುದು ಮೂರ್ನಾಲ್ಕು ಯುನಿಟ್. ಸಾವಿರದಲ್ಲಿ ಮೂರ್ನಾಲ್ಕು. ಇದಕ್ಕಿಂತ ಜಾಸ್ತಿ ಯುನಿಟ್ ಉಳಿಸಿಕೊಡ್ತೀವಿ ಅಂತ ಯಾರಾದರೂ ಹೇಳಿದರೆ, ಮುಂದಿನ ಭಾಗ ಓದಿ.

‘ಪವರ್ ಸೇವರ್’ ಡಬ್ಬಿಯ ಗುಟ್ಟು

ಮೊಬೈಲ್ ಚಾರ್ಜರ್‌ಗಿಂತ ಸ್ವಲ್ಪ ದೊಡ್ಡ ಡಬ್ಬಿ, ಮುಂದೆ ಒಂದು ಹಸಿರು ದೀಪ. ಒಳಗೆ ಬಿಚ್ಚಿದರೆ ಸಾಮಾನ್ಯವಾಗಿ ಇರೋದು ಒಂದು ಸಣ್ಣ ಕೆಪಾಸಿಟರ್ ಮತ್ತು ಆ ದೀಪ ಉರಿಸುವ ಸರ್ಕ್ಯೂಟ್. ಕೆಲವದರಲ್ಲಿ ಕೆಪಾಸಿಟರ್ ಕೂಡ ಹೆಸರಿಗಷ್ಟೇ.

ಮಾರುವವರು ತೋರಿಸುವ ಆಟ ಹೀಗಿರುತ್ತದೆ. ಒಂದು ಸಣ್ಣ ಮೋಟಾರ್ ಅಥವಾ ಹಳೆಯ ಫ್ಯಾನ್ ಹಚ್ಚುತ್ತಾರೆ. ಕ್ಲಾಂಪ್ ಮೀಟರ್‌ನಲ್ಲಿ ಆಂಪಿಯರ್ ತೋರಿಸುತ್ತಾರೆ. ಡಬ್ಬಿ ಚುಚ್ಚಿದ ಕೂಡಲೇ ಆಂಪಿಯರ್ ಇಳಿಯುತ್ತದೆ. ನೋಡುವವರ ಕಣ್ಣೆದುರೇ ಇಳಿಯುವುದರಿಂದ ನಂಬಿಕೆ ಬರುತ್ತದೆ. ಆಂಪಿಯರ್ ಇಳಿದದ್ದು ಸುಳ್ಳಲ್ಲ. ಆದರೆ ಮನೆಯ ಮೀಟರ್ ಆಂಪಿಯರ್ ಮೇಲೆ ಬಿಲ್ ಮಾಡೋದಿಲ್ಲ. ಕಿಲೋವ್ಯಾಟ್-ಅವರ್, ಅಂದ್ರೆ ಯುನಿಟ್ ಮೇಲೆ ಮಾಡುತ್ತದೆ. ಮನೆಗೆ ಪಿಎಫ್ ದಂಡವೂ ಇಲ್ಲ. ಹಾಗಾಗಿ ಡಬ್ಬಿಯಿಂದ ಬಿಲ್ಲಿಗೆ ಏನೂ ಆಗೋದಿಲ್ಲ. ಗೃಹಜ್ಯೋತಿಯ 200 ಯುನಿಟ್ ಮಿತಿ ದಾಟಬಾರದು ಅಂತ ಡಬ್ಬಿ ಕೊಳ್ಳುವವರಿಗೂ ಇದೇ ಉತ್ತರ. ಆ ಲೆಕ್ಕವೂ ಯುನಿಟ್ ಮೇಲೆಯೇ.

ನಂಬಿಕೆ ಬಾರದಿದ್ದರೆ ಕೊಳ್ಳುವ ಮೊದಲು ಅವರ ಮುಂದೆಯೇ ಪರೀಕ್ಷೆ ಮಾಡಿ. ಖರ್ಚಿಲ್ಲ.

ಮೀಟರಿನ ಮುಖದ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯುನಿಟ್‌ಗೆ ಎಷ್ಟು ಸಲ ಮಿಣುಕಬೇಕು ಅಂತ ಮೀಟರ್ ಮೇಲೆಯೇ ಬರೆದಿರುತ್ತದೆ. ಉದಾಹರಣೆಗೆ 3200. ಫ್ರಿಜ್ ತಾನಾಗಿಯೇ ಬಂದು ಹೋಗಿ ಮಾಡುವುದರಿಂದ ಅದನ್ನು ಆಫ್ ಮಾಡಿ, ಫ್ಯಾನ್, ಲೈಟ್, ಮಿಕ್ಸರ್ ಹೀಗೆ ಒಂದೇ ಸಮ ಓಡುವ ವಸ್ತು ಹಚ್ಚಿ. ಐದು ನಿಮಿಷ ಎಣಿಸಿ ಬರೆದುಕೊಳ್ಳಿ. 3200ರ ಮೀಟರ್‌ನಲ್ಲಿ 500 ವ್ಯಾಟ್ ಲೋಡ್ ಇದ್ದರೆ ಐದು ನಿಮಿಷಕ್ಕೆ ಸುಮಾರು 133 ಸಲ ಮಿಣುಕಬೇಕು. ಈಗ ಡಬ್ಬಿ ಚುಚ್ಚಿ, ಮತ್ತೆ ಐದು ನಿಮಿಷ ಎಣಿಸಿ. ಎರಡೂ ಅಂಕಿ ಹತ್ತಿರ ಹತ್ತಿರ ಒಂದೇ ಇದ್ದರೆ, ಡಬ್ಬಿ ವಾಪಸ್ ಕೊಟ್ಟು ಕಳಿಸಿ.

ಕಿರಾಣಿ, ಬಟ್ಟೆ, ಮೊಬೈಲ್ ಅಂಗಡಿಗಳಂತೆ ಲೈಟು, ಫ್ಯಾನು ಮಾತ್ರ ಇರುವವರಿಗೂ ಇದು ಅನ್ವಯ. ಬಿಲ್ಲಿನಲ್ಲಿ ಪಿಎಫ್ ದಂಡದ ಮೊತ್ತ ಬಂದಿಲ್ಲ ಅಂದ್ರೆ ಯಾವ ಕೆಪಾಸಿಟರ್ರೂ ಬೇಡ.

ತೋಟದ ಪಂಪ್‌ಸೆಟ್: ಬಿಲ್ ಇಲ್ಲ, ಆದರೂ ನಷ್ಟ ಇದೆ

ತಿಕೋಟಾ, ಬಬಲೇಶ್ವರ ತಾಲ್ಲೂಕುಗಳಲ್ಲಿ ದ್ರಾಕ್ಷಿ, ನಿಂಬೆ, ದಾಳಿಂಬೆ ತೋಟಗಳ ಜೀವ ಇರೋದು ಬೋರ್‌ವೆಲ್ ಮೋಟಾರಿನಲ್ಲಿ. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ರಾಜ್ಯ ಸರ್ಕಾರ ಉಚಿತ ಕರೆಂಟ್ ಕೊಡುವುದರಿಂದ ರೈತರ ಕೈಗೆ ಪಿಎಫ್ ದಂಡ ಬರೋದಿಲ್ಲ. ‘ದಂಡಾನ ಇಲ್ಲ ಅಂದಮ್ಯಾಲೆ ಕೆಪಾಸಿಟರ್ ಯಾಕ?’ ಅಂತ ಹೆಚ್ಚಿನವರು ಅದರ ಗೊಡವೆಗೇ ಹೋಗೋದಿಲ್ಲ. ದಂಡ ಬೇರೆ ರೂಪದಲ್ಲಿ ಬರುತ್ತದೆ.

63 ಕೆವಿಎ ಟಿಸಿ ಒಂದನ್ನು ತೆಗೆದುಕೊಳ್ಳಿ. ಅದರ ಶಕ್ತಿ ಬರೆದಿರೋದು ಕೆವಿಎಯಲ್ಲಿ, ಕಿಲೋವ್ಯಾಟ್‌ನಲ್ಲಲ್ಲ. ಅಂದ್ರೆ ಖಾಲಿ ಕ್ರೇಟಿನ ಭಾರವನ್ನೂ ಅದು ಹೊರಬೇಕು. ಒಂದು ಪಂಪ್‌ಸೆಟ್ 5 ಕಿಲೋವ್ಯಾಟ್ ಎಳೆಯುತ್ತದೆ ಅಂತ ಹಿಡಿದರೆ:

ಪಿಎಫ್ 0.75 ಇದ್ದಾಗ ಒಂದು ಪಂಪಿನ ಭಾರ 6.7 ಕೆವಿಎ. ಟಿಸಿ ತಡೆಯೋದು 9 ಪಂಪ್.

ಪಿಎಫ್ 0.90 ಇದ್ದಾಗ ಒಂದು ಪಂಪಿನ ಭಾರ 5.6 ಕೆವಿಎ. ಅದೇ ಟಿಸಿ ತಡೆಯೋದು 11 ಪಂಪ್.

ಎರಡು ಪಂಪಿನ ವ್ಯತ್ಯಾಸ. ಇದಕ್ಕೆ ಬೇಕಾದ್ದು ಪಂಪ್ ಒಂದಕ್ಕೆ 2 ಕೆವಿಎಆರ್ ಕೆಪಾಸಿಟರ್ ಅಷ್ಟೇ. ಥ್ರೀಫೇಸ್ ಕರೆಂಟ್ ಬರುವ ತಾಸುಗಳಲ್ಲಿ ಎಲ್ಲರ ಮೋಟಾರೂ ಒಟ್ಟಿಗೇ ಓಡುತ್ತವೆ. 9ರ ಶಕ್ತಿಯ ಟಿಸಿ ಮೇಲೆ 11 ಪಂಪ್ ಬಿದ್ದರೆ ಎಣ್ಣೆ ಕಾಯುತ್ತದೆ, ಕೊನೆಗೆ ಟಿಸಿ ಸುಡುತ್ತದೆ. ಬೇಸಿಗೆಯಲ್ಲಿ ಟಿಸಿ ಸುಟ್ಟು ಬದಲಿ ಬರುವವರೆಗೆ ದ್ರಾಕ್ಷಿ ಬಳ್ಳಿ ಒಣಗಿದರೆ ಆಗುವ ನಷ್ಟದ ಮುಂದೆ ಗಿರಣಿಯ 300 ರೂಪಾಯಿ ದಂಡ ಏನೂ ಅಲ್ಲ.

ಎರಡನೇ ಹೊಡೆತ ವೋಲ್ಟೇಜ್. ತಂತಿಯಲ್ಲಿ ಆಂಪಿಯರ್ ಜಾಸ್ತಿಯಾದಂತೆ ಲೈನಿನ ಕೊನೆಯ ತೋಟಕ್ಕೆ ವೋಲ್ಟೇಜ್ ಕಡಿಮೆ ತಲುಪುತ್ತದೆ. ತಂತಿಯಲ್ಲಿ ಪೋಲಾಗುವ ಶಕ್ತಿ ಆಂಪಿಯರಿನ ವರ್ಗದಂತೆ ಏರುತ್ತದೆ. 0.70 ಪಿಎಫ್‌ನಲ್ಲಿ ಆಗುವ ಪೋಲು, ಅದೇ ಕೆಲಸಕ್ಕೆ 0.95ರಲ್ಲಿ ಆಗುವುದಕ್ಕಿಂತ ಶೇ 84ರಷ್ಟು ಹೆಚ್ಚು. ವೋಲ್ಟೇಜ್ ಇಳಿದಾಗ ಮೋಟಾರ್ ಇನ್ನಷ್ಟು ಆಂಪಿಯರ್ ಎಳೆಯುತ್ತದೆ, ಬಿಸಿಯಾಗುತ್ತದೆ, ವೈಂಡಿಂಗ್ ಸುಡುತ್ತದೆ. ನೂರಾರು ಅಡಿ ಆಳದಿಂದ ಪೈಪ್ ಎತ್ತಿ ಮೋಟಾರ್ ಹೊರತೆಗೆದು ರಿವೈಂಡಿಂಗ್ ಮಾಡಿಸುವ ಖರ್ಚು ತೋಟದವರಿಗೆ ಹೇಳಿಕೊಡಬೇಕಾಗಿಲ್ಲ.

ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕ, ಒಟ್ಟು 2,400 ಮೆಗಾವ್ಯಾಟ್ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದೆ. ಆಲಮಟ್ಟಿಯಲ್ಲೂ ಕರೆಂಟ್ ಹುಟ್ಟುತ್ತದೆ. ಆದರೂ ಕೊನೆಯ ಕಂಬದ ತೋಟಕ್ಕೆ ವೋಲ್ಟೇಜ್ ಯಾಕಿಲ್ಲ ಅಂತ ಕೇಳುವವರಿಗೆ ಉತ್ತರದ ಒಂದು ಪಾಲು ಇಲ್ಲಿದೆ. ಕರೆಂಟ್ ಎಲ್ಲಿ ಹುಟ್ಟಿದರೂ ಕೊನೆಗೆ ಬರಬೇಕಾದ್ದು ಅದೇ ಟಿಸಿ, ಅದೇ ತೆಳು ತಂತಿಯ ಮೂಲಕ. ಆ ದಾರಿಯಲ್ಲಿ ಖಾಲಿ ಕ್ರೇಟ್ ತುಂಬಿದ್ದರೆ ಹಣ್ಣಿಗೆ ಜಾಗ ಇರೋದಿಲ್ಲ.

ಇದರಲ್ಲಿ ಒಂದು ತೊಡಕೂ ಇದೆ. ಒಬ್ಬರೇ ಕೆಪಾಸಿಟರ್ ಹಾಕಿಸಿದರೆ ಲಾಭ ಟಿಸಿಯಲ್ಲಿರುವ ಎಲ್ಲರಿಗೂ ಹಂಚಿಹೋಗುತ್ತದೆ. ಹಾಕಿಸಿದವರಿಗೆ ಅದು ಎದ್ದು ಕಾಣೋದಿಲ್ಲ. ಹಾಗಾಗಿ ಒಂದೇ ಟಿಸಿಯ ರೈತರು ಕೂಡಿ ಮಾತಾಡಿಕೊಂಡು ಎಲ್ಲರೂ ಹಾಕಿಸಿದರೆ ಮಾತ್ರ ಫಲ ಗೊತ್ತಾಗುತ್ತದೆ.

‘ಕಂಡೆನ್ಸರ್’ ಬೇರೆ, ಇದು ಬೇರೆ

ಹಳ್ಳಿಗಳಲ್ಲಿ ‘ನಮ್ಮ ಮೋಟಾರಿಗೆ ಕಂಡೆನ್ಸರ್ ಐತ್ರಿ’ ಅನ್ನುವವರು ಬಹಳ. ಅದರಲ್ಲಿ ಎರಡು ಬಗೆ. ಸಿಂಗಲ್ ಫೇಸ್ ಮೋಟಾರಿನ ಪ್ಯಾನಲ್‌ನಲ್ಲಿರುವುದು ಮೋಟಾರ್ ಶುರು ಮಾಡಲು, ಓಡಿಸಲು ಬೇಕಾದ ಕಂಡೆನ್ಸರ್. ಇನ್ನೊಂದು, ಒಂದು ಫೇಸ್ ಹೋದಾಗ ಥ್ರೀಫೇಸ್ ಮೋಟಾರನ್ನು ಎರಡು ಫೇಸಿನಲ್ಲೇ ಎಳೆಯಲು ಹಾಕುವ ಕಂಡೆನ್ಸರ್ ಡಬ್ಬಿ. ಇವೆರಡೂ ಪಿಎಫ್ ಸರಿಪಡಿಸಲು ಹಾಕಿದ್ದಲ್ಲ. ಎರಡನೆಯದಂತೂ ಮೋಟಾರ್ ಮತ್ತು ಟಿಸಿ ಎರಡಕ್ಕೂ ಅಪಾಯ, ಒಂದೇ ಫೇಸಿನ ಮೇಲೆ ಭಾರ ಬೀಳುತ್ತದೆ. ಪಿಎಫ್‌ಗೆ ಹಾಕುವುದು ಮೂರೂ ಫೇಸಿಗೆ ಜೋಡಿಸುವ, ಮೇಲೆ ಕೆವಿಎಆರ್ ಅಂತ ಬರೆದಿರುವ ಕೆಪಾಸಿಟರ್.

ಹಾಕಿಸುವಾಗ ಗಮನಿಸಬೇಕಾದ್ದು

ಅಳತೆ: ದೊಡ್ಡದು ಹಾಕಿದರೆ ಒಳ್ಳೇದು ಅನ್ನೋದು ತಪ್ಪು. 1,500 ಆರ್‌ಪಿಎಂನ ಸಾಮಾನ್ಯ ಮೋಟಾರ್‌ಗಳಿಗೆ 5 ಎಚ್‌ಪಿಗೆ 2, 7.5 ಎಚ್‌ಪಿಗೆ 3, 10 ಎಚ್‌ಪಿಗೆ 3ರಿಂದ 4 ಕೆವಿಎಆರ್ ಸಾಮಾನ್ಯ ಲೆಕ್ಕ. ಮೋಟಾರ್ ಖಾಲಿ ತಿರುಗುವಾಗ ಎಳೆಯುವ ಅಯಸ್ಕಾಂತದ ಪಾಲಿಗಿಂತ ಕೆಪಾಸಿಟರ್ ದೊಡ್ಡದಾದರೆ, ಕರೆಂಟ್ ಹೋದ ಮೇಲೂ ಮೋಟಾರ್ ತಾನೇ ವೋಲ್ಟೇಜ್ ಹುಟ್ಟಿಸಿ ಕೆಪಾಸಿಟರನ್ನೂ ವೈಂಡಿಂಗನ್ನೂ ಕೆಡಿಸಬಹುದು.

ಜಾಗ: ಸ್ಟಾರ್ಟರ್ ಆದಮೇಲೆ, ಮೋಟಾರಿನ ಜೊತೆಗೆ ಬಂದ್ ಆಗುವಂತೆ ಜೋಡಿಸಬೇಕು. ನೇರ ಮೇನ್‌ಗೆ ಹಾಕಿ ರಾತ್ರಿಯಿಡೀ ಬಿಟ್ಟರೆ ಮೋಟಾರ್ ಇಲ್ಲದೆ ಕೆಪಾಸಿಟರ್ ಒಂದೇ ಉಳಿದು ಪಿಎಫ್ ಮತ್ತೊಂದು ಕಡೆ ಕೆಡುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದರೆ ಜೋಡಣೆ ಬೇರೆ, ಗೊತ್ತಿದ್ದವರಿಂದಲೇ ಮಾಡಿಸಿ.

ಗುರುತು: ಐಎಸ್ 13340 ಅಂತ ನಮೂದಿರುವ, 440 ವೋಲ್ಟಿನ ಕೆಪಾಸಿಟರ್ ಕೇಳಿ, ಬಿಲ್ ತೆಗೆದುಕೊಳ್ಳಿ. ವೋಲ್ಟೇಜ್ ಇಳಿದರೆ ಕೆಪಾಸಿಟರಿನ ಬಲವೂ ಇಳಿಯುತ್ತದೆ ಅನ್ನೋದು ನೆನಪಿರಲಿ. 440 ವೋಲ್ಟಿನ 3 ಕೆವಿಎಆರ್ ಕೆಪಾಸಿಟರ್ 350 ವೋಲ್ಟ್ ಬರುವ ಕಡೆ 1.9ರ ಕೆಲಸವನ್ನಷ್ಟೇ ಮಾಡುತ್ತದೆ.

ತಪಾಸಣೆ: ‘ಕೆಪಾಸಿಟರ್ ಹಾಕಿದ್ರೂ ದಂಡ ಬರ್ತದ’ ಅನ್ನುವವರು ಮೊದಲು ಅದು ಬದುಕಿದೆಯಾ ನೋಡಿಸಿ. ಫ್ಯೂಸ್ ಹೋಗಿರಬಹುದು, ಶಾಖಕ್ಕೆ ಊದಿಕೊಂಡು ಸತ್ತಿರಬಹುದು. ಸರಿಯಿರುವ 3 ಕೆವಿಎಆರ್ ಕೆಪಾಸಿಟರಿನ ಪ್ರತಿ ವೈರಿನಲ್ಲಿ ಕ್ಲಾಂಪ್ ಮೀಟರ್ ಹಿಡಿದರೆ ಸುಮಾರು 4 ಆಂಪಿಯರ್ ತೋರಿಸಬೇಕು. ಸೊನ್ನೆ ಅಥವಾ ತೀರಾ ಕಡಿಮೆ ತೋರಿಸಿದರೆ ಬದಲಾಯಿಸಿ.

ಜೀವ: ಕರೆಂಟ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಮೇನ್ ಬಂದ್ ಮಾಡಿ, ಕೆಲವು ನಿಮಿಷ ಬಿಟ್ಟು, ಪರೀಕ್ಷಿಸಿದ ಮೇಲೆಯೇ ಮುಟ್ಟಬೇಕು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ.

ಖರ್ಚು: ಅಂಗಡಿಯವರು ಹೇಳಿದ ಬೆಲೆಗೆ ಜೋಡಣೆಯ ಕೂಲಿ ಸೇರಿಸಿ, ನಿಮ್ಮ ತಿಂಗಳ ದಂಡದಿಂದ ಭಾಗಿಸಿ. ಉದಾಹರಣೆಗೆ ಒಟ್ಟು 2,400 ರೂಪಾಯಿ ಆಗಿ, ದಂಡ 300 ಇದ್ದರೆ 8 ತಿಂಗಳಿಗೆ ಅಸಲು ವಾಪಸ್. ದಂಡ 30 ರೂಪಾಯಿ ಮಾತ್ರ ಇದ್ದರೆ 80 ತಿಂಗಳು. ಅಂಥವರು ಮೊದಲು ಮೋಟಾರ್ ಖಾಲಿ ಓಡಿಸುವುದನ್ನು ನಿಲ್ಲಿಸಿ ನೋಡಲಿ.

ದುಡ್ಡು ಖರ್ಚಿಲ್ಲದೆ ಪಿಎಫ್ ಸುಧಾರಿಸಲು

ಗಿರಾಕಿ ಬರುವವರೆಗೆ ಗಿರಣಿ ಸುಮ್ಮನೆ ತಿರುಗಿಸಬೇಡಿ. ಸಣ್ಣ ಸಣ್ಣ ಡಬ್ಬಿ ಕಾಳು ಒಂದೊಂದೇ ಹಾಕುವ ಬದಲು ಕೂಡಿಸಿಕೊಂಡು ಒಮ್ಮೆಲೇ ಬೀಸಿದರೆ ಮೋಟಾರ್ ಪೂರ್ತಿ ಲೋಡಿನಲ್ಲಿ ಓಡುತ್ತದೆ. ವೆಲ್ಡಿಂಗ್ ಅಂಗಡಿಯವರು ಕೆಲಸದ ನಡುವೆ ಚಹಾಕ್ಕೆ ಹೋಗುವಾಗ ಟ್ರಾನ್ಸ್‌ಫಾರ್ಮರ್ ಆಫ್ ಮಾಡಿ ಹೋಗಲಿ. ಮೋಟಾರ್ ಸುಟ್ಟು ಹೊಸದು ತರುವ ಪ್ರಸಂಗ ಬಂದಾಗ, ಹಳೆಯದರಷ್ಟೇ ದೊಡ್ಡದು ಬೇಕಾ ಅಂತ ಒಮ್ಮೆ ಲೆಕ್ಕ ಹಾಕಿಸಲಿ. ರಿವೈಂಡಿಂಗ್ ಸರಿಯಾಗಿ ಆಗದಿದ್ದರೂ ಪಿಎಫ್ ಕೆಡುತ್ತದೆ.

ಸೋಲಾರ್ ಹಾಕಿದ ಮೇಲೆ ಪಿಎಫ್ ಬಿತ್ತು, ಯಾಕೆ?

ಅಂಗಡಿ, ಕೋಲ್ಡ್ ಸ್ಟೋರೇಜ್ ಮಾಳಿಗೆ ಮೇಲೆ ಸೋಲಾರ್ ಹಾಕಿಸಿದವರಲ್ಲಿ ಕೆಲವರಿಗೆ ಯುನಿಟ್ ಇಳಿದರೂ ಪಿಎಫ್ ದಂಡ ಹೊಸದಾಗಿ ಶುರುವಾಗುವುದುಂಟು. ಸೋಲಾರ್ ಸಾಮಾನ್ಯವಾಗಿ ಕಿಲೋವ್ಯಾಟ್ ಮಾತ್ರ ಕೊಡುತ್ತದೆ. ಹಣ್ಣು ಮಾಳಿಗೆ ಮೇಲಿಂದ ಬಂತು, ಆದರೆ ಖಾಲಿ ಕ್ರೇಟ್ ಇನ್ನೂ ಹೆಸ್ಕಾಂ ಗಾಡಿಯಲ್ಲೇ ಬರುತ್ತಿದೆ. 10 ಕಿಲೋವ್ಯಾಟ್ ಜೊತೆ 5 ಕೆವಿಎಆರ್ ಎಳೆಯುತ್ತಿದ್ದ ಅಂಗಡಿಯ ಪಿಎಫ್ 0.89. ಸೋಲಾರ್ 6 ಕಿಲೋವ್ಯಾಟ್ ಕೊಟ್ಟು ಹೊರಗಿನಿಂದ 4 ಕಿಲೋವ್ಯಾಟ್ ಸಾಕಾದಾಗ ಅದೇ 5 ಕೆವಿಎಆರ್‌ಗೆ ಪಿಎಫ್ 0.62. ಸೋಲಾರ್ ಹಾಕಿಸುವಾಗಲೇ ಕೆಪಾಸಿಟರ್ ಬಗ್ಗೆಯೂ ಮಾತಾಡಿಕೊಳ್ಳಬೇಕು.

ಈ ತಿಂಗಳ ಬಿಲ್ ಬಂದಾಗ ಇಷ್ಟು ಮಾಡಿ

ಬಿಲ್ಲಿನಲ್ಲಿ ನಿಮ್ಮ ದರಪಟ್ಟಿ ಯಾವುದು ನೋಡಿ. ಎಲ್‌ಟಿ-1 ಮನೆ, ಎಲ್‌ಟಿ-3 ವಾಣಿಜ್ಯ, ಎಲ್‌ಟಿ-5 ಕೈಗಾರಿಕೆ. ಆಮೇಲೆ ಪಿಎಫ್ ಅಂಕಿ ಮತ್ತು ಪಿಎಫ್ ದಂಡದ ಮೊತ್ತ ನೋಡಿ. ಹಿಂದಿನ ಆರು ತಿಂಗಳ ಬಿಲ್ ಹುಡುಕಿ ಪಕ್ಕದಲ್ಲಿಟ್ಟು ಹೋಲಿಸಿ. ಪ್ರತಿ ತಿಂಗಳೂ ಕಡಿಮೆ ಇದ್ದರೆ ಮೋಟಾರ್ ಮತ್ತು ಲೋಡಿನ ಸಮಸ್ಯೆ. ಇದ್ದಕ್ಕಿದ್ದಂತೆ ಒಂದು ತಿಂಗಳು ಬಿದ್ದಿದ್ದರೆ ಹೆಚ್ಚಾಗಿ ಕೆಪಾಸಿಟರ್ ಸತ್ತಿರುತ್ತದೆ. ದಂಡವನ್ನು ಯುನಿಟ್‌ನಿಂದ ಭಾಗಿಸಿ, ಮೇಲಿನ ಪಟ್ಟಿಗೆ ತಾಳೆ ನೋಡಿ. ತಾಳೆಯಾಗದಿದ್ದರೆ ಆರ್‌ಆರ್ ನಂಬರ್ ಸಮೇತ ಹತ್ತಿರದ ಹೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಲಿಖಿತವಾಗಿ ಕೇಳಬಹುದು, ಸಹಾಯವಾಣಿ 1912ಕ್ಕೂ ಕರೆ ಮಾಡಬಹುದು. ಆಯೋಗ ಹೊಸ ದರ ಆದೇಶ ಹೊರಡಿಸಿದಾಗ ಪೈಸೆಯ ಲೆಕ್ಕ ಬದಲಾಗಬಹುದು, ಆಗ ಹೊಸ ದರಪಟ್ಟಿ ನೋಡಿಕೊಳ್ಳಿ.

ದಂಡ ಬಂದಿದ್ದರೆ ಕೆಪಾಸಿಟರ್, ಬಂದಿಲ್ಲದಿದ್ದರೆ ಬೇಡ. ತೋಟಕ್ಕೆ ಮಾತ್ರ ಬಿಲ್ ಬರಲಿ ಬಿಡಲಿ, ಟಿಸಿ ಉಳಿಯಬೇಕಾದರೆ ಹಾಕಿಸಿ. ಪ್ಲಗ್ಗಿಗೆ ಚುಚ್ಚುವ ಡಬ್ಬಿ ಯಾರಿಗೂ ಬೇಡ.